ಕೋಣನಕುಂಟೆ ಮಹೇಶನ ಕಪ್ಪು ಪೆಟ್ಟಿಗೆ

ಕೋಣನಕುಂಟೆಯ ಮಹೇಶನಿಗೆ ನಲವತ್ತಮೂರು ವರ್ಷ. ಬಾಡಿಗೆಗೆ ಕೊಟ್ಟ ಮೂರಂತಸ್ತಿನ ಮನೆ ಇದೆ, ಮಂಡಿನೋವಿದೆ, ಎರಡು ಹಳೇ ವಿಡಿಯೋ ಗೇಮ್ ಪೆಟ್ಟಿಗೆಗಳಿವೆ. ಕಪ್ಪು ಪೆಟ್ಟಿಗೆ, ರಾಗಿ ಹೊಲ ಲೇಔಟ್ ಆದ ವರ್ಷ ಅಪ್ಪ ಪಿಳ್ಳಣ್ಣ ತಂದುಕೊಟ್ಟಿದ್ದು. ಬೂದು ಬಣ್ಣದ್ದು ಆ ಕಾಲದ ಎದುರಾಳಿ ಕಂಪನಿಯದು, ಹೋದ ವರ್ಷ ತಾನೇ ಹುಡುಕಿ ಕೊಂಡಿದ್ದು. ಜಪಾನಿನ ಒಂದೇ ಅನಿಮೆ ಕಾರ್ಟೂನಿನಿಂದ ಹುಟ್ಟಿದ ಗುದ್ದಾಟದ ಆಟ ಎರಡರಲ್ಲೂ ಇದೆ. ರೌಡಿಗಳು ಸಾಲಾಗಿ ಬರುತ್ತಾರೆ, ನಾವು ಹೊಡೆಯುತ್ತಾ ಬೀದಿಯುದ್ದಕ್ಕೂ ಹೋಗಬೇಕು, ಅಷ್ಟೇ ಕಥೆ.

ಯಾವುದು ಮೇಲು ಎಂದು ಕೇಳಿದಿರೋ, ಕೆಟ್ಟಿರಿ. ಕಪ್ಪಿನ ವೇಗ ನೋಡಿ, ಒದ್ದರೆ ಬರುವ ಸದ್ದು ಕೇಳಿ ಎಂದು ಟೀ ಆರುವವರೆಗೂ ಕೊರೆಯುತ್ತಾನೆ. ಕಪ್ಪಿನಲ್ಲಿ ಒಬ್ಬರೇ ಆಡಬೇಕು, ಬೂದು ಬಣ್ಣದ್ದರಲ್ಲಿ ಇಬ್ಬರು ಒಟ್ಟಿಗೆ ಆಡಬಹುದಲ್ಲ ಎಂದು ಯಾರಾದರೂ ಅಂದರೆ, "ಇಬ್ರು ಆಡಿದ್ರೆ ಆಮೆ ಥರ ಹೋಗುತ್ತೆ ಗುರು" ಎನ್ನುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಭಾನುವಾರ ಜಯನಗರದಲ್ಲಿ ಹಳೇ ಗೇಮ್ ಪ್ರಿಯರ ಕೂಟ, ಕಪ್ಪೋ ಬೂದೋ ಎಂಬ ವಾದ. ಕಪ್ಪಿನ ಪರ ಮಾತಾಡುವವನು ಮಹೇಶ. ಸಾಕ್ಷಿಗೆ ಅಕ್ಕ ಲತಾಮಣಿಯ ನಾಲ್ಕು ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗುವ ಆಸೆ ಅವನಿಗೆ. ಬಾಲ್ಯವೆಲ್ಲ ಅಕ್ಕ ತಮ್ಮ ಸೇರಿ ಸರದಿಯಂತೆ ಆಡಿದ್ದೆವು ಎಂಬ ನೆನಪೆಂದರೆ ಅವನಿಗೆ ಪ್ರಾಣ.

ಶನಿವಾರ ಮಧ್ಯಾಹ್ನ ಅಂಜನಾಪುರದಿಂದ ಅಕ್ಕ ಬಂದಳು. ಮುದ್ದೆ, ಬಸ್ಸಾರಿನ ಊಟವಾಯಿತು. ಮಹೇಶ ಫೋನ್ ಎತ್ತಿ ಹಿಡಿದ.

"ಹೇಳಕ್ಕ, ನಾವಾಡ್ತಿದ್ವಲ್ಲ, ಸಖತ್ತಾಗಿತ್ತಲ್ವಾ?"

"ನಾನೆಲ್ಲೋ ಆಡ್ದೆ?" ಎಂದಳು ಲತಾಮಣಿ, ಸಿಟ್ಟಿಲ್ಲದೆ. "'ನಾನು ಔಟಾದ್ರೆ ನಿನ್ ಚಾನ್ಸು' ಅಂತಿದ್ದೆ ನೀನು. ನೀನು ಔಟಾಗ್ತಾನೇ ಇರ್ಲಿಲ್ಲ. ಅಷ್ಟರಲ್ಲಿ ಅಮ್ಮ ಪಾತ್ರೆ ತೊಳ್ಯೋಕೆ ಕರೀತಿದ್ಲು."

"ಒಂದಿನಾನೂ ಆಡಿಲ್ವಾ?"

"ಒಂದಿನಾನೂ ಇಲ್ಲ ಕಣೋ. ನೋಡ್ತಾ ಕೂತಿರ್ತಿದ್ದೆ."

ಮಹೇಶನಿಗೆ ನಾಚಿಕೆಯಾಯಿತು. ಔಟಾಗಲಿಲ್ಲ ಎಂದು ಅವನು ಬೀಗಿದ ಒಂದೊಂದು ಸಂಜೆಯೂ ಪಕ್ಕದಲ್ಲೊಬ್ಬಳು ಕಾದು ಕೂತಿದ್ದಳು. ಮಹಾರಾಯನಿಗೆ ಇದು ಹೊಳೆಯಲು ಮೂವತ್ತು ವರ್ಷ ಹಿಡಿಯಿತು. ಫೋನ್ ಕೆಳಗಿಟ್ಟ. ಕಪ್ಪು ಪೆಟ್ಟಿಗೆಯ ವೈರು ಕಿತ್ತು, ಬೂದು ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿ, ಒಂದನೇ ನಂಬರಿನ ಕಂಟ್ರೋಲರನ್ನು ಅಕ್ಕನ ಕೈಗಿಟ್ಟು, ಎರಡನೆಯದನ್ನು ತಾನು ಹಿಡಿದ.

"ಅಯ್ಯೋ, ನಂಗೆ ಬರಲ್ಲ ಕಣೋ," ಎನ್ನುತ್ತಲೇ ಲತಾಮಣಿ ಶುರು ಹಚ್ಚಿಕೊಂಡಳು. ಗಾಳಿಗೆ ಗುದ್ದಿದಳು, ಗೋಡೆಗೆ ಗುದ್ದಿದಳು, ತಮ್ಮನಿಗೂ ಎರಡು ಬಿಟ್ಟಳು. ಮಹೇಶ ಮಾತ್ರ ರೂಢಿಯಂತೆ ಸರಸರನೆ ಪರದೆಯ ಬಲತುದಿಗೆ ಓಡಿದ. ಬೀದಿ ಮುಂದೆ ಸರಿಯಲಿಲ್ಲ. ಈ ಆಟದಲ್ಲಿ ಒಬ್ಬರು ಹಿಂದೆ ಉಳಿದರೆ ಇನ್ನೊಬ್ಬರಿಗೂ ದಾರಿಯಿಲ್ಲ.

"ಯಾಕೋ ನಿಂತೆ? ಕೆಟ್ಟೋಯ್ತಾ?"

"ಇಲ್ಲಕ್ಕ. ನೀನು ಬರೋವರ್ಗೂ ಇದು ಮುಂದಕ್ಕೆ ಹೋಗಲ್ಲ."

"ಹಂಗಾದ್ರೆ ಕಾಯ್ತಾ ಇರು," ಎಂದಳು ಲತಾಮಣಿ, ಕನ್ನಡಕ ಸರಿಮಾಡಿಕೊಂಡು.

ಮಹೇಶ ಕಾದ.