ಎಡಗಡೆ ಸೀಟಿನ ಬ್ರೇಕು

ಇಂಥ ಕಥೆಯನ್ನು ಯಾರಾದರೂ ಶುರು ಮಾಡಿದರೆ ನಡುವೆಯೇ ಬಾಯಿ ಹಾಕಿ ತಡೆಯುತ್ತಿದ್ದವಳು ನಾನು. ಬೇಗೂರಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರೋ ಹುಣಸೆಮರದ ಕೆಳಗೆ ಏನನ್ನೋ ಕಂಡೆ ಎಂದರೆ, "ಕನ್ನಡಕ ಹಾಕ್ಕೊಂಡಿದ್ರಾ?" ಎಂದು ಕೇಳಿ ಅವರ ಮುಖ ಸಪ್ಪಗೆ ಮಾಡುತ್ತಿದ್ದೆ. ಆ ಕಾರಣಕ್ಕೇ ಇದನ್ನು ಬರೆಯಲು ಇಷ್ಟು ದಿನ ಹಿಂಜರಿದೆ. ನಂಬಿ ಎಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಮ್ಮ ಮನೆ ಅಲ್ಲಿಗೆ ಹತ್ತಿರದ ಗುಂಡ್ಲುಪೇಟೆಯಲ್ಲಿ. ನಾಲ್ಕು ವರ್ಷದ ಹಿಂದೆ, ಆಷಾಢದಲ್ಲಿ, ನಮ್ಮ ಯಜಮಾನರಿಗೆ ಸ್ಟ್ರೋಕ್ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಒಂದು "ಹೂಂ". ಊಟ ಮಾಡುತ್ತೀರಾ ಎಂದರೂ ಹೂಂ, ಬೇಡವಾ ಎಂದರೂ ಹೂಂ. ವಾರಕ್ಕೆ ಎರಡು ಸಲ ಚಾಮರಾಜನಗರಕ್ಕೆ ಕರೆದುಕೊಂಡು ಬಂದು ಕಾಲಿಗೆ ವ್ಯಾಯಾಮ ಮಾಡಿಸಿ, ಮೊದಲ ವರ್ಷ ತಪ್ಪಿಸಿದರೆ ಆಮೇಲೆ ಆ ಕಾಲನ್ನು ಮರೆತುಬಿಡಿ ಎಂದರು ಡಾಕ್ಟರು.

ಬಸ್ಸಿನ ಮೆಟ್ಟಿಲು ಹತ್ತಿಸಲು ಇಬ್ಬರು ಗಂಡಸರು ಬೇಕಿತ್ತು. ನಮ್ಮ ಕಾರು ಮನೆ ಪಕ್ಕದ ಶೀಟಿನ ಕೆಳಗೆ ಸುಮ್ಮನೆ ನಿಂತಿತ್ತು. ಅದನ್ನು ತಂದ ದಿನದಿಂದಲೂ ಅವರು "ಕಲ್ತ್ಕೊ, ಕಲ್ತ್ಕೊ" ಎಂದು ನನ್ನ ಬೆನ್ನು ಬಿದ್ದಿದ್ದರು. "ನೀವಿದ್ದೀರಲ್ಲ" ಎಂದು ನಾನು ತಳ್ಳಿಹಾಕುತ್ತಿದ್ದೆ. ಆ ಮಾತು ನೆನಪಾದಾಗಲೆಲ್ಲ ಕಾರಿನ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಮೊದಲ ಆರು ತಿಂಗಳು ಚಾಮರಾಜನಗರದ ಹತ್ತಿರದ ಉಡಿಗಾಲದಿಂದ ನನ್ನ ತಮ್ಮ ಬಂದು ಕಾರು ಓಡಿಸಿದ. ಅವನಿಗೂ ಹೊಲ, ಮನೆ ಇದೆ. ನಾನೇ ಕಲಿಯುತ್ತೇನೆ ಎಂದಾಗ ನಕ್ಕುಬಿಟ್ಟ. "ನಲವತ್ತೈದಕ್ಕೆ ಕಾರಾ? ನಿನ್ ಕೈಲಾಗಲ್ಲ ಬುಡಕ್ಕ. ನನ್ ಬೈಕ್ನೇ ಕಲ್ತ್ಕೊ. ಸ್ಕೂಲ್ಗೂ ಆಯ್ತದೆ. ಭಾವನ್ನ ಹಿಂದ್ಗಡೆ ಕೂರಿಸ್ಕೊಂಡು ಒಂದ್ ಪಂಚೆ ಕಟ್ಬುಟ್ರೆ ಆಯ್ತು." ಬೈಕಿನ ಆಸೆ ನನಗೂ ಇತ್ತು, ಸುಳ್ಳು ಹೇಳಲಾರೆ. ಸಣ್ಣ ಗಾಡಿ, ಬಿದ್ದರೂ ನಾನೊಬ್ಬಳೇ ಬೀಳುತ್ತೇನೆ ಎಂಬ ಧೈರ್ಯ. ಒಂದು ಭಾನುವಾರ ತಮ್ಮನೇ ಯಜಮಾನರನ್ನು ಹಿಂದೆ ಕೂರಿಸಿಕೊಂಡು, ಇಬ್ಬರ ಸೊಂಟಕ್ಕೂ ಸೇರಿಸಿ ಪಂಚೆ ಕಟ್ಟಿಸಿಕೊಂಡು ಬೀದಿ ಕೊನೆಯವರೆಗೆ ಹೋದ. ಮೊದಲ ಹಂಪಿನಲ್ಲೇ ಇವರು ಬಲಕ್ಕೆ ಜಾರಿದರು. ಎದುರು ಮನೆಯವರು ಓಡಿಬಂದು ಹಿಡಿಯದಿದ್ದರೆ ತಲೆ ರಸ್ತೆಗೆ ಬಡಿಯುತ್ತಿತ್ತು. ಇಳಿಸಿದ ಮೇಲೂ ಅವರ ಎಡಗೈ ತಮ್ಮನ ಅಂಗಿಯನ್ನು ಬಿಟ್ಟಿರಲಿಲ್ಲ. ಬೈಕಿನ ಮಾತು ಅಲ್ಲಿಗೆ ಮುಗಿಯಿತು.

ನನಗೆ ಕಾರು ಕಲಿಸಿದವರು ರಿಟೈರಾಗಿ ಡ್ರೈವಿಂಗ್ ಸ್ಕೂಲು ಸೇರಿದ್ದ ಬಸ್ ಡ್ರೈವರ್ ನಂಜಪ್ಪನವರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಿನ ಹತ್ತಿರವೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ನಾನು ಎಡವಟ್ಟು ಮಾಡಿದಾಗಲೆಲ್ಲ ಅವರು ಅದನ್ನು ತುಳಿಯುತ್ತಿದ್ದರು, ನನ್ನ ಕಡೆಯ ಬ್ರೇಕು ತಾನಾಗಿಯೇ ಕೆಳಕ್ಕೆ ಇಳಿಯುತ್ತಿತ್ತು. ಚೆನ್ನಾಗಿ ಓಡಿಸಿದೆ ಎಂದು ಬೀಗಿದ ದಿನವೇ ಅವರು ಹೇಳಿದರು, "ಟೀಚ್ರೇ, ಅರ್ಧ ಗಾಡಿ ನೀವ್ ಓಡ್ಸಿದ್ದು, ಇನ್ನರ್ಧ ನಾನು. ಮರೀಬ್ಯಾಡಿ."

ಹೇಗೋ ಲೈಸೆನ್ಸ್ ಬಂತು. ಸಂಕ್ರಾಂತಿ ಕಳೆದ ಮರುವಾರ, ಮೊದಲ ಸಲ ನಾನೇ ಯಜಮಾನರನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೊರಟೆ. ಹಿಂದಿನ ದಿನವೇ ತಮ್ಮನಿಗೆ ಮಾತು ಕೊಟ್ಟಿದ್ದೆ. ಒಂದೇ ಒಂದು ಸಲ ಎಡವಟ್ಟಾದರೂ ಕೀ ಅವನ ಕೈಗೆ, ಅವನು ಕಾರು ಮಾರಬಹುದು. ಕೊಳ್ಳುವವರನ್ನೂ ಅವನು ನೋಡಿಟ್ಟಿದ್ದ. ಕಾರು ಹೋದರೆ ವ್ಯಾಯಾಮ ಹೋಗುತ್ತದೆ, ವ್ಯಾಯಾಮ ಹೋದರೆ ಕಾಲು ಹೋಗುತ್ತದೆ. ಸ್ಟೇರಿಂಗ್ ಹಿಡಿದಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಅವರನ್ನು ಎಡಗಡೆ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಜೀವವಿಲ್ಲದ ಬಲಗಾಲನ್ನು ಒಂದು ಪಕ್ಕಕ್ಕೆ ಸರಿಸಿ ದಿಂಬು ಕೊಟ್ಟೆ. ಚೆನ್ನಾಗಿದ್ದಾಗ ಬೇರೆಯವರು ಓಡಿಸಿದರೆ ಇವರು ಅದೇ ಸೀಟಿನಲ್ಲಿ ಕೂತು ಬಲಗಾಲಿನಿಂದ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು. "ನೆಲ ತೂತು ಮಾಡ್ತೀರ" ಎಂದು ನಾನು ರೇಗಿಸುತ್ತಿದ್ದೆ.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಆ ದಿನಗಳಲ್ಲಿ ಟಾರು ರಸ್ತೆಯೇ ಕಣ. ಕಿತ್ತು ತಂದ ಹುರುಳಿ ಗಿಡವನ್ನು ರಸ್ತೆಯ ಮೇಲೆ ಹಾಸುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಪಕ್ಕದಿಂದ ಹೋಗಲು ನೋಡಿದರೆ "ಮ್ಯಾಲೇ ಓಗಿ, ಮ್ಯಾಲೇ ಓಗಿ" ಎಂದು ಕೈ ಬೀಸುತ್ತಾರೆ. ನಂಜಪ್ಪನವರು ಇದಕ್ಕೆಂದೇ ಒಂದು ದಿನದ ಪಾಠ ಮಾಡಿದ್ದರು. "ಒಕ್ಕಣೆ ಮೇಲೆ ಬ್ರೇಕ್ ಮಾತ್ರ ಮುಟ್ಬ್ಯಾಡಿ. ಸಿಲಿಪ್ ಆಗಿ ಹಳ್ಳಕ್ಕೆ ಓಯ್ತದೆ ಗಾಡಿ. ಸ್ಟೇರಿಂಗ್ ಅಲ್ಲಾಡಿಸ್ದೆ ಒಂದೇ ಸಮಕ್ಕೆ ಓಗ್ಬುಡಿ." ವಿಜ್ಞಾನದ ಟೀಚರಿಗೆ ಘರ್ಷಣೆಯ ಪಾಠ ಹೇಳಬೇಕೇ? ಅದು ಒಂದೇ ಸಲಕ್ಕೆ ತಲೆಗೆ ಹೋಗಿತ್ತು.

ತೆರಕಣಾಂಬಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಅಂಥದೊಂದು ಹಾಸು ಬಂತು. ಹನ್ನೊಂದು ಗಂಟೆಯ ಬಿಸಿಲು. ಹುರುಳಿ ಗಿಡ ಮೊಣಕಾಲೆತ್ತರ ಬಿದ್ದಿತ್ತು. ಸುತ್ತ ಯಾರೂ ಕಾಣಲಿಲ್ಲ. ಎಡಕ್ಕೆ ಹಳ್ಳ. ನಾನು ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಬ್ರೇಕ್ ಮುಟ್ಟಬಾರದು, ಬ್ರೇಕ್ ಮುಟ್ಟಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹಾಸಿನ ಮೇಲೆ ಹತ್ತಿಸಿದೆ.

ಹತ್ತು ಮಾರು ಹೋಗಿರಬಹುದು. ಬ್ರೇಕು ಕೆಳಕ್ಕೆ ಇಳಿಯಿತು.

ನಂಜಪ್ಪನವರ ಕಾರಿನಲ್ಲಿ ಇಳಿಯುತ್ತಿತ್ತಲ್ಲ, ಹಾಗೆಯೇ, ತಾನಾಗಿ. ಕಾರು ಮುಗ್ಗರಿಸಿ, ಆಫಾಗಿ ನಿಂತಿತು. ಜಾರಲಿಲ್ಲ. ಒಂದಿಷ್ಟೂ ಜಾರಲಿಲ್ಲ. ನಾನು ಕೆಳಗೆ ನೋಡಿಕೊಂಡೆ. ನನ್ನ ಬಲಗಾಲು ಆಕ್ಸಿಲರೇಟರಿನ ಮೇಲೆಯೇ ಇತ್ತು. ಆಣೆ ಮಾಡಿ ಹೇಳಬಲ್ಲೆ.

ಆಮೇಲೆ ಪಕ್ಕಕ್ಕೆ ನೋಡಿದೆ. ಅವರ ಬಲಗಾಲು ದಿಂಬಿನ ಮೇಲಿರಲಿಲ್ಲ. ನೆಟ್ಟಗೆ ಚಾಚಿಕೊಂಡು ಮುಂದಿನ ತಗಡಿಗೆ ಒತ್ತಿಕೊಂಡಿತ್ತು. ಕಾಲ ಕೆಳಗಿನ ರಬ್ಬರ್ ಮ್ಯಾಟು ಮಡಿಚಿ ಮುದ್ದೆಯಾಗಿತ್ತು. ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಅವರು ರಸ್ತೆಯನ್ನೇ ನೋಡುತ್ತಿದ್ದರು.

ನಾನು ಬಾಗಿಲು ತೆಗೆದು ಇಳಿದೆ. ಬಂಪರಿನಿಂದ ಎರಡು ಮಾರು ಮುಂದೆ, ಹುರುಳಿ ಗಿಡದ ನಡುವೆ, ಒಂದು ಕೈ ಕಂಡಿತು. ಹಸಿರು ಗಾಜಿನ ಬಳೆಯ ಕೈ. ಗಿಡ ತಿರುವಿ ಹಾಕುತ್ತಿದ್ದ ಅಜ್ಜಿಯೊಬ್ಬರು ಬಿಸಿಲಿಗೆ ತಲೆ ಸುತ್ತಿ ಅಲ್ಲೇ ಬಿದ್ದಿದ್ದರು. ಒಣಗಿದ ಹುರುಳಿಯದೇ ಬಣ್ಣದ ಸೀರೆ. ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು, "ಯಾರವ್ವ ನೀನು?" ಎಂದರು. ಕುಡಿಯುವ ನೀರು ತರಲು ಹೋಗಿದ್ದ ಅವರ ಸೊಸೆ ಬಿಂದಿಗೆ ಎಸೆದು ಓಡಿಬಂದಳು. ನನ್ನ ಕೈ ಹಿಡಿದು, "ನಮ್ಮತ್ತೆ ಅಲ್ಲಿರದು ನಿಮ್ಗೆ ಎಂಗ್ ಕಾಣ್ತಕ್ಕ?" ಎಂದು ಅತ್ತಳು.

ಕಂಡಿರಲಿಲ್ಲ. ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿ ನೆರಳಿಗೆ ಕೂರಿಸಿದೆವು.

ಚಾಮರಾಜನಗರ ಹೇಗೆ ಮುಟ್ಟಿದೆನೋ ಗೊತ್ತಿಲ್ಲ. ಆದರೆ ಎದೆಯಲ್ಲಿ ಹೆದರಿಕೆಗಿಂತ ಆಸೆ ದೊಡ್ಡದಾಗಿತ್ತು. ಕಾಲು ಬಂದಿದೆ! ವ್ಯಾಯಾಮ ಮಾಡಿಸುವ ಮಲಯಾಳಿ ಹುಡುಗಿಗೆ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಪಾದ ಹಿಡಿದು ಒತ್ತಿ ಎಂದಳು, ಚುಚ್ಚಿ ನೋಡಿದಳು, ಅರ್ಧ ಗಂಟೆ ಪ್ರಯತ್ನಿಸಿದಳು. ಕೊನೆಗೆ "ಇಲ್ಲ ಅಮ್ಮಾ, ಹೋದ ವಾರ ಹೇಗಿತ್ತೋ ಹಾಗೇ ಇದೆ" ಎಂದಳು. ಆಸ್ಪತ್ರೆಯ ವರಾಂಡದಲ್ಲಿ ನಿಂತು ಅತ್ತುಬಿಟ್ಟೆ. ಅವರಿಗೆ ಸ್ಟ್ರೋಕ್ ಹೊಡೆದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಸುದ್ದಿ ನಾನು ಹೇಳುವ ಮೊದಲೇ ಉಡಿಗಾಲಕ್ಕೆ ತಲುಪಿತ್ತು. ಸಂಜೆ ತಮ್ಮ ಬಂದ. ಬೈಯಲಿಲ್ಲ. "ಯಾರ್ದೋ ಜೀವ ಓಗೋದು ತಪ್ತು. ಕೀ ಕೊಟ್ಬುಡಕ್ಕ" ಎಂದು ಮೆಲ್ಲಗೆ ಕೈ ಚಾಚಿದ. ನಾನು ಕೊಟ್ಟೆ. ಕೊಟ್ಟ ಮೇಲೆ, ತಡೆಯಲಾರದೆ, ಮಂಚದ ಮೇಲೆ ಒರಗಿದ್ದ ಯಜಮಾನರನ್ನು ಕೇಳಿದೆ. "ನಿಜ ಹೇಳಿ. ಬ್ರೇಕ್ ತುಳಿದದ್ದು ನೀವು ತಾನೆ?"

ಹೂಂ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಅವರು ಯಾವುದಕ್ಕೂ ಹೂಂ ಎನ್ನುವವರು, ಅದರಿಂದ ಏನೂ ತಿಳಿಯುವಂತಿರಲಿಲ್ಲ.

ಅವರು ತಲೆ ಅಲ್ಲಾಡಿಸಿದರು. "ಉಹೂಂ" ಎಂದರು. ಆಮೇಲೆ ಎಡಗೈ ಎತ್ತಿ ನನ್ನ ಕಡೆ ತೋರಿಸಿದರು.

ತಮ್ಮ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಕೀಯನ್ನು ಕಿಟಕಿಯಲ್ಲಿಟ್ಟು, ಕಾಫಿಯನ್ನೂ ಕುಡಿಯದೆ ಹೊರಟುಹೋದ. ಕಾರು ಮಾರುವ ಮಾತನ್ನು ಆಮೇಲೆ ಅವನು ಎತ್ತಲಿಲ್ಲ.

ವಿಜ್ಞಾನ ಕಲಿತವಳಾಗಿ ನನ್ನ ಬಳಿ ಉತ್ತರವಿಲ್ಲದಿಲ್ಲ. ಕಣ್ಣಂಚಿನಲ್ಲಿ ಬಳೆ ಕಂಡಿರಬೇಕು, ನನಗೇ ಗೊತ್ತಾಗದೆ ತುಳಿದು ಕಾಲು ಎತ್ತಿರಬೇಕು. ಸರಿ. ಹಾಗಾದರೆ ಆ ಮ್ಯಾಟು? ಅವರೇ ತುಳಿದರು ಎಂದರೆ ಆ ಕಡೆ ಬ್ರೇಕೇ ಇಲ್ಲ. ಇಬ್ಬರೂ ಅಲ್ಲ ಎಂದರೆ ಮುಂದೆ ಯೋಚಿಸಲು ನನಗೆ ಧೈರ್ಯ ಸಾಲದು. ಅವರ "ಉಹೂಂ" ಕೂಡ ನಿಜವೋ, ನನ್ನ ಕೈಯಿಂದ ಕೀ ಹೋಗದಿರಲೆಂದು ಹೇಳಿದ ಸುಳ್ಳೋ? ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ನೀವಾ? ಹೂಂ. ನಾನಾ? ಹೂಂ.

ಕಾಲು ಅಲ್ಪಸ್ವಲ್ಪ ಬಂದಿದೆ, ಕೋಲು ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಪಾದ ಮಾತ್ರ ಒತ್ತಲು ಬರುವುದಿಲ್ಲ. ಈಗಲೂ ತಿಂಗಳಿಗೊಮ್ಮೆ ಚಾಮರಾಜನಗರಕ್ಕೆ ಹೋಗುತ್ತೇವೆ. ದಿಂಬು ಕೊಡುವುದನ್ನು ನಾನು ಅಂದೇ ಬಿಟ್ಟೆ. ಬೆಲ್ಟು ಹಾಕಿದ ಮೇಲೆ ಅವರ ಬಲಗಾಲನ್ನು ಎರಡೂ ಕೈಯಿಂದ ಎತ್ತಿ, ಬ್ರೇಕು ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ಸರಿಯಾಗಿ ಇಡುತ್ತೇನೆ. ಅವರು ಹೂಂ ಎಂದ ಮೇಲೆ ಗಾಡಿ ತೆಗೆಯುತ್ತೇನೆ.