ಬೆಚ್ಚಗಿರುವ ಜಾಗ

ಬಾಣಂತಿ ಕೋಣೆಯಲ್ಲಿ ಹೊಗೆ ವಾಸನೆ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಬರದಿದ್ದರೇ ಗಾಬರಿ. ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಸುಡದ ಬಾಣಂತನ ನಮ್ಮ ಕಡೆ ಬಾಣಂತನವೇ ಅಲ್ಲ. ನಾನೂ ಹಾಗೇ ನಂಬಿದ್ದವಳು. ಈಗ ಊದುಬತ್ತಿ ಹಚ್ಚಿದರೂ ನನ್ನ ಎದೆ ಧಸಕ್ಕೆನ್ನುತ್ತದೆ.

ನಮ್ಮ ಹೊಸದುರ್ಗದ ಸುತ್ತ ಗುಡ್ಡಗಳ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತವೆ. ಗಾಳಿಯಿಂದ ಕರೆಂಟು ತೆಗೆಯುತ್ತಾರೆ, ಅದೇ ಗಾಳಿ ತರುವ ಚಳಿಗೆ ನಾವು ಅದೇ ಕರೆಂಟು ಸುಡುತ್ತೇವೆ. ಮಗಳು ಸುಮಾ ಹಸುಗೂಸಿನ ಜೊತೆ ಬಾಣಂತನಕ್ಕೆ ಬಂದಾಗ ಪುಷ್ಯದ ಚಳಿ. ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಅಪಾಯ ಎಂದು ನಾನೇ ಹಟ ಹಿಡಿದೆ. ನಮ್ಮ ಯಜಮಾನರು ಎಣ್ಣೆ ತುಂಬಿದ ಹೀಟರ್ ತಂದರು. ನೋಡಲು ಚಕ್ರ ಕಟ್ಟಿದ ಹಾರ್ಮೋನಿಯಂ ಹಾಗಿತ್ತು.

ಬಾಣಂತನ ಮಾಡಲು ಹರಿಯಬ್ಬೆಯಿಂದ ಬಂದಿದ್ದ ನನ್ನವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಏನಪ್ಪ, ಇದಕ್ಕೆ ಕಡ್ಲೆಕಾಯಿ ಎಣ್ಣೆ ಹಾಕ್ಬೇಕೋ, ಹರಳೆಣ್ಣೆನೋ?”

“ಯಾವ್ದೂ ಬ್ಯಾಡ್ರಿ ಅತ್ತೆ. ಒಳಗೇ ಐತೆ. ಸುಡಲ್ಲ, ಖರ್ಚಾಗಲ್ಲ.”

ಸುಡದ ಎಣ್ಣೆ ಎಂದರೆ ಅವ್ವನಿಗೆ ನಂಬಿಕೆ ಬರಲಿಲ್ಲ. ಸೋರುತ್ತದೇನೋ ಎಂದು ದಿನವೂ ಅದರ ಬುಡ ಮುಟ್ಟಿ ನೋಡುತ್ತಿದ್ದಳು. ನಾನೂ ಅಷ್ಟೇ. ಮನೆಯವರೆಲ್ಲರ ಕಣ್ಣೂ ಎಣ್ಣೆಯ ಮೇಲೆ, ವೈರಿನ ಮೇಲೆ ಒಬ್ಬರದೂ ಇಲ್ಲ.

ಹೀಟರಿನ ದಪ್ಪ ಪಿನ್ನು ಕೋಣೆಯ ಸಣ್ಣ ಪ್ಲಗ್ಗಿಗೆ ಹಿಡಿಸಲಿಲ್ಲ. ಹಿಡಿಸದಿರುವುದೇ ಅದು ಹೇಳುವ ಬುದ್ಧಿಮಾತು: ನಾನು ಎಳೆಯುವ ಕರೆಂಟನ್ನು ನೀನು ತಾಳಲಾರೆ ಎಂದು. ನಾವು ಕೇಳಲಿಲ್ಲ. ದಪ್ಪ ಪಿನ್ನಿಗೊಂದು ಕನ್ವರ್ಟರ್ ಸಿಕ್ಕಿಸಿ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಜೋಡಿಸಿ ಗೆದ್ದೆವು. ವೈರು ಕಾಲಿಗೆ ತೊಡರಬಾರದು, ಮೇಲಾಗಿ ಬಾಣಂತಿ ನೆಲದ ತಂಡಿ ತುಳಿಯಬಾರದು. ಅವ್ವ ತಾನು ತಂದ ಕುರಿ ಉಣ್ಣೆಯ ಕರಿ ಕಂಬಳಿಯನ್ನು ಬಾಕ್ಸಿನ ಮೇಲೇ ಹಾಸಿದಳು. ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿದವಳು ನಾನೇ.

ಆವತ್ತು ಬೆಳಿಗ್ಗೆ ಸುಮಾಳಿಗೆ ಎಣ್ಣೆನೀರು ಎರೆದು, ತಲೆಗೆ ಧೂಪ ಹಿಡಿದಿದ್ದೆವು. ಕೋಣೆ ತುಂಬ ಹೊಗೆ. ಅವ್ವ ಕೈಯಾಡಿಸಿ ಕಂಬಳಿಯ ಒಂದು ಮೂಲೆ ಹುಡುಕಿದಳು.

“ಇಲ್ ನೋಡೇ, ಎಷ್ಟ್ ಬೆಚ್ಚಗೈತೆ! ಕೂಸ್ನ ಇಲ್ಲೇ ಮಲಗ್ಸಾಣ.”

ಕೌದಿ ಮಡಚಿ ಹಾಕಿ ಕೂಸನ್ನು ಮಲಗಿಸಿದಳು. ಅದು ಸುಖವಾಗಿ ನಿದ್ದೆ ಹೋಯಿತು. ಸ್ವಲ್ಪ ಹೊತ್ತಿಗೆ ಅವ್ವ ಮೂಗು ಎಳೆದಳು.

“ಯಾಕೋ ಕೂದ್ಲು ಸುಟ್ಟಂಗೆ ವಾಸ್ನೆ ಬರ್ತೈತಲ್ಲೇ.”

“ಸಾಂಬ್ರಾಣಿನೇ ಕಲಬೆರಕೆ ಕಣವ್ವ” ಎಂದು ನಾನು ಅಂಗಡಿಯವನನ್ನು ಬೈದೆ.

ಕೂಸು ಒದ್ದೆ ಮಾಡಿಕೊಂಡು ಅತ್ತಿತು. ಬಟ್ಟೆ ಬದಲಿಸಲು ಎತ್ತಿಕೊಂಡು, ಒದ್ದೆ ಕೌದಿ ಸರಿಸಿ ಕಂಬಳಿಯ ಮೇಲೆ ಕೈಯೂರಿದೆ. ಬೆಚ್ಚಗಲ್ಲ, ರೊಟ್ಟಿ ಹಂಚು! ಕಂಬಳಿ ಕಿತ್ತೆಸೆದೆ. ಕೆಳಗೆ ಕನ್ವರ್ಟರ್ ಕರಗಿ ಬಾಕ್ಸಿಗೆ ಅಂಟಿಕೊಂಡಿತ್ತು, ವೈರು ಬೆಂದಿತ್ತು, ಉಣ್ಣೆ ಕರಕಲಾಗಿ ಹೊಗೆಯಾಡುತ್ತಿತ್ತು. ಕಿರುಚಿದೆ. ಯಜಮಾನರು ಓಡಿಬಂದು ನೋಡಿ, ಮೇನ್ ಸ್ವಿಚ್ ಆರಿಸಿದರು. ಸುಮಾ ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡು ಬೆನ್ನು, ತೊಡೆ, ಪಾದ ಸವರಿ ಸವರಿ ನೋಡಿದಳು. ಏನೂ ಆಗಿರಲಿಲ್ಲ. ಒದ್ದೆ ಮಾಡಿಕೊಂಡು ಅತ್ತದ್ದೇ ಅದನ್ನು ಉಳಿಸಿತ್ತು.

“ನಾನೇ ಹುಡುಕಿ ಮಲಗ್ಸಿದ್ನಲ್ಲೇ” ಎಂದು ಅವ್ವ ಹಣೆ ಚಚ್ಚಿಕೊಂಡಳು. ಕೆಂಡ ಅಪಾಯವೆಂದು ಹೊರಗಿಟ್ಟು, ಕಣ್ಣಿಗೆ ಕಾಣದ ಕೆಂಡದ ಮೇಲೆ ಕೂಸನ್ನು ಮಲಗಿಸಿದ್ದೆವು.

ಈಗ ಹೀಟರಿಗೆ ಗೋಡೆಯಲ್ಲೇ ಬೇರೆ ವೈರೆಳೆಸಿ, ಅರ್ತಿಂಗ್ ಕೊಡಿಸಿ, ದೊಡ್ಡ ಪ್ಲಗ್ ಹಾಕಿಸಿದ್ದೇವೆ. ನಡುವೆ ಕನ್ವರ್ಟರಿಲ್ಲ, ಬಾಕ್ಸಿಲ್ಲ, ವೈರಿನ ಮೇಲೆ ಒಂದು ಕರವಸ್ತ್ರವೂ ಇಲ್ಲ. ಎಲ್ಲ ಸರಿಯಾಯಿತು, ನನ್ನೊಬ್ಬಳನ್ನು ಬಿಟ್ಟು.

ಮೊನ್ನೆ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕುಳಿತವಳು ಹಾವು ಕಂಡಂತೆ ಎದ್ದುಬಿಟ್ಟೆ. ಬೆಂಚು ಬೆಚ್ಚಗಿತ್ತು. ಬಗ್ಗಿ ಅದರ ಅಡಿಯನ್ನೂ ಇಣುಕಿದೆ.

“ಏನ್ ಕಳಕಂಡ್ರಿ?” ಎಂದಳು ಪಕ್ಕದ ಹೆಂಗಸು. “ಕುಂತ್ಕಳ್ರಿ. ಈಗಿನ್ನೂ ನಮ್ಮತ್ತೆ ಎದ್ದು ನೀರ್ ಕುಡ್ಯಾಕೆ ಹೋದ್ರು.”

ಯಾರೋ ಕೂತೆದ್ದ ಬಿಸುಪು ಅಷ್ಟೇ. ನಾಚಿಕೆಯಾಯಿತು. ಆದರೂ ಒಮ್ಮೆ ಅಂಗೈಯಿಂದ ಮುಟ್ಟಿ ನೋಡಿಯೇ ಕುಳಿತೆ.