ತೋಳು ನೋಡಿ ಬರೆಯುತ್ತಿದ್ದ ಸಾಹೇಬರು

ಬೆವರು ಒರೆಸಿಕೊಂಡ ಮೇಲೂ ನಮ್ಮ ಸಾಹೇಬರ ಮುಖದ ಸಿಡುಬಿನ ಕುಳಿಗಳಲ್ಲಿ ಸಣ್ಣ ಹನಿಗಳು ಉಳಿದೇ ಇರುತ್ತಿದ್ದವು. ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಮಕ್ಕಳಿಗೂ ದೊಡ್ಡವರಿಗೂ ದೇವಿ ಹಾಕುವ, ಅಂದರೆ ಸಿಡುಬಿನ ಲಸಿಕೆ ಚುಚ್ಚುವ, ಕೆಲಸ ನಿಜವಾಗಿ ನಡೆದಿದೆಯೇ ಎಂದು ತಪಾಸಣೆ ಮಾಡಿ ವರದಿ ಬರೆಯುವುದು ಅವರ ನೌಕರಿ. ಹೆಂಗಸರು ಗಂಡಸರಿಗೆ ತೋಳು ತೋರಿಸುವುದಿಲ್ಲವೆಂದು, ಅರವತ್ತರ ದಶಕದ ಆರಂಭದಲ್ಲಿ, ದೇವಿ ಹಾಕುವವಳಾಗಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನನ್ನು ಅವರ ಜೊತೆ ಹಾಕಿದ್ದರು.

ಪಟೇಲರ ಮನೆಯ ಕಾಫಿಗೆ ಅವರು ಕೂರುತ್ತಿರಲಿಲ್ಲ. "ಮೊದಲು ಕಡೇ ಕೇರಿಗೆ ಹೋಗಣ ಕಣಮ್ಮ. ತೋಳು ನೋಡಿ ಆಮೇಲೆ ದೇವಿ ಹಾಕಿದೋರ ಪುಸ್ತಕ ನೋಡಣ" ಎನ್ನುತ್ತಿದ್ದರು. ಲಸಿಕೆ ಉಳಿಸಿದ ಕಲೆಯ ಮೇಲೆ ಹೆಬ್ಬೆರಳಾಡಿಸದೆ ಏನನ್ನೂ ಬರೆಯುತ್ತಿರಲಿಲ್ಲ.

ಒಂದು ಬೇಸಿಗೆ, ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ನಾಲ್ಕು ವರ್ಷದ ಹುಡುಗಿ ಸಿಡುಬಿನಿಂದ ಸತ್ತಳೆಂದು ಸುದ್ದಿ ಬಂತು. ಹೋದೆವು. ಆ ಹುಡುಗಿಯ ಕೇರಿಯ ಒಂದು ಮಗುವಿನ ತೋಳಲ್ಲೂ ಕಲೆಯಿರಲಿಲ್ಲ. ಪುಸ್ತಕದಲ್ಲಿ ಮಾತ್ರ ಎಲ್ಲರಿಗೂ ದೇವಿ ಹಾಕಿಯಾಗಿತ್ತು! ಕೆಳಗೆ 'ಪರಿಶೀಲಿಸಿದೆ' ಎಂಬ ಒಕ್ಕಣೆ, ಹಿಂದಿನ ವರ್ಷ, ನಾನು ಸೇರುವ ಮೊದಲು ಹಾಕಿದ ಸಹಿ. ಪುಸ್ತಕವನ್ನು ಸಾಹೇಬರ ಮುಂದೆ ಹಿಡಿದೆ.

"ಸಾರ್, ಇದು... ನಿಮ್ಮದು."

ಅವರು ಪುಸ್ತಕ ಕೈಗೆ ತೆಗೆದುಕೊಂಡರು. "ಅವತ್ತು ಜ್ವರ ಇತ್ತು. ಈ ಕೇರಿಗೆ ಬರಲೇ ಇಲ್ಲ. ಪುಸ್ತಕ ನಂಬಿ ಹಾಕಿಬಿಟ್ಟೆ."

ಎದುರಿನ ಮನೆಯೊಳಗೆ ಸತ್ತ ಮಗುವಿನ ತಾಯಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ಹರಕೆ ಮರೆತೆ ಕಣಕ್ಕ, ಅದಕ್ಕೇ ಅಮ್ಮ ಮುನಿದ್ಲು. ನನ್ನಿಂದ್ಲೇ ಹೋಯ್ತು ಕೂಸು."

ಸಾಹೇಬರು ಬಾಗಿಲಲ್ಲಿ ನಿಂತರು. "ನಿನ್ನಿಂದ ಅಲ್ಲ ತಾಯಿ. ಮಗೂಗೆ ದೇವಿ ಹಾಕಿರಲಿಲ್ಲ. ಹಾಕಿದಾರೋ ಇಲ್ವೋ ನೋಡಬೇಕಾದವನು ನಾನು. ನೋಡಲಿಲ್ಲ."

"ಹಾಕಿದ್ರೆ ಉಳೀತಿತ್ತಾ ಸಾಮಿ?"

ಏನಾದರೂ ಸಮಾಧಾನ ಹೇಳಿಯಾರು ಅಂದುಕೊಂಡೆ. "ಉಳೀತಿತ್ತು" ಅಂದರು.

ಹೊರಗೆ ನೆರೆದವರು ಹೊಡೆದೇಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ತಾಯಿ ಅಳಲಿಲ್ಲ. ಎದ್ದು, ತೊಟ್ಟಿಲಲ್ಲಿದ್ದ ಕೈಗೂಸನ್ನು ತಂದು ನನ್ನ ಮುಂದೆ ಹಿಡಿದಳು. "ಇದಕ್ಕೆ ಈಗ್ಲೇ ಹಾಕಮ್ಮ. ನಾನೇ ನಿಂತು ನೋಡ್ತೀನಿ."

ಕೂಸಿಗೆ ದೇವಿ ಹಾಕಿ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಪಿಸುಗುಟ್ಟಿದೆ: "ಆ ಹಾಳೆ ಕಿತ್ತುಬಿಡಣ ಸಾರ್. ಆಫೀಸಲ್ಲಿ ಯಾರಿಗೂ ಗೊತ್ತಾಗಲ್ಲ."

ಅವರು ನನ್ನತ್ತ ತಿರುಗಿದರು. ಆ ಕೇರಿಯಲ್ಲಿ ಕಾಣದಿದ್ದ ಗಾಬರಿ ಆಗ ಅವರ ಕಣ್ಣಲ್ಲಿತ್ತು. "ನಾಳೆ ಈ ಕೆಲಸ ಮಾಡೋಳು ನೀನು ಕಣಮ್ಮ" ಅಂದರು, ಅಷ್ಟೇ.

ಅವರು ಬರೆದ ವರದಿಯಲ್ಲಿ ತಪ್ಪಿತಸ್ಥರ ಪಟ್ಟಿಯ ಮೊದಲ ಹೆಸರು ಅವರದೇ ಆಗಿತ್ತು. ಬಡ್ತಿ ನಿಂತಿತು, ಗೌರಿಬಿದನೂರಿಗೆ ವರ್ಗವಾಯಿತು. ಕೆಲವೇ ವರ್ಷಗಳಲ್ಲಿ, ನೌಕರಿಯಲ್ಲಿರುವಾಗಲೇ ತೀರಿಕೊಂಡರು. ಅವರು ಹೇಳಿದಂತೆ ಆ ಕೆಲಸ ನನಗೇ ಬಂತು, ನಿವೃತ್ತಿಯವರೆಗೂ ಮಾಡಿದೆ. ನನ್ನ ವರದಿಗಳನ್ನು ಜನ ನಂಬುತ್ತಿದ್ದರು. ಹಾಳೆ ಕಿತ್ತುಬಿಡಣ ಎಂದವಳು ನಾನೇ ಎಂಬುದು ನೆನಪಾದರೆ ಇವತ್ತಿಗೂ ನಾಚಿಕೆಯಾಗುತ್ತದೆ.